ದೊಡ್ಡಪ್ಪನ ಪಾಲಿನ ತಾಕತ್ತು

ಕೆಲವರು ತಮ್ಮ ಪೆದ್ದುತನವನ್ನು ಕೊನೆಯವರೆಗೆ ಮುಚ್ಚಿಟ್ಟುಕೊಂಡು, ಕೇಳುವವರಿಗೆ ಮರುಕ ಹುಟ್ಟಿದ ಮೇಲೆ ಮೆಲ್ಲಗೆ ಹೊರಗೆ ಬಿಡುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ. ಮೊದಲೇ ಹೇಳಿಬಿಡುತ್ತೇನೆ: ನಮ್ಮ ದೊಡ್ಡಪ್ಪನ ಮೈಗೆ ತಾಕತ್ತು ಬರಲೆಂದು ದಾವಣಗೆರೆಯ ಡಾಕ್ಟರು ಬರೆದುಕೊಟ್ಟ ಪ್ರೋಟೀನ್ ಪುಡಿಯನ್ನು ಡಬ್ಬಿಗಟ್ಟಲೆ ಕುಡಿದು ಮುಗಿಸಿದವನು ನಾನು. ಕದ್ದು ಕುಡಿದೆನೆಂದು ತಿಳಿಯಬೇಡಿ. ಕದಿಯುವುದಕ್ಕೂ ಒಂದು ಧೈರ್ಯ ಬೇಕು, ಅದು ನನ್ನಲ್ಲಿಲ್ಲ. ರೋಗಿಯ ಅಪ್ಪಣೆ ಪಡೆದು, ರೋಗಿಯ ಮಂಚದ ಪಕ್ಕದಲ್ಲೇ ಕೂತು, ರೋಗಿಯ ತಂಬಿಗೆಯಲ್ಲೇ, ರೋಗಿಯ ದನಿಯಲ್ಲೇ ಕುಡಿದೆ. ಇನ್ನೊಬ್ಬರ ದನಿಯಲ್ಲಿ ಹಾಲು ಕುಡಿಯುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ದೇವರು ದನಿ ಹಂಚುವ ದಿನ ನಾನು ಸಾಲಿನ ಕಟ್ಟಕಡೆಯಲ್ಲಿ ನಿಂತಿದ್ದೆನೆಂದು ಕಾಣುತ್ತದೆ. ನನ್ನ ಪಾಲಿಗೆ ಹೊಸದು ಯಾವುದೂ ಉಳಿದಿರಲಿಲ್ಲ. ಊರವರ ದನಿಗಳ ಚೂರುಪಾರನ್ನೆಲ್ಲ ಗುಡಿಸಿ ನನ್ನ ಗಂಟಲಿಗೆ ತುಂಬಿ ಕಳಿಸಿಬಿಟ್ಟ. ದಾವಣಗೆರೆಯಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ರಸಾಯನಶಾಸ್ತ್ರದ ಮೇಷ್ಟ್ರ ಹಾಗೆ ಮೂಗಿನಿಂದ ಮಾತಾಡಿ ಇಡೀ ಹಾಸ್ಟೆಲನ್ನು ನಗಿಸುತ್ತಿದ್ದೆ. ಪರೀಕ್ಷೆಯಲ್ಲಿ ಮೇಷ್ಟ್ರ ಮೂಗಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಎರಡು ಸಲ ನಪಾಸಾದ ಮೇಲೆ ನಮ್ಮಪ್ಪ ನನ್ನ ಮುಖ ನೋಡುವುದನ್ನು ಬಿಟ್ಟರು. ಅವರ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ ಮುರಿಗೆಪ್ಪನವರು, ನನ್ನನ್ನು ಹರಿಹರಕ್ಕೆ ಕರೆಸಿಕೊಂಡು ತಮ್ಮ ಅಂಗಡಿಯಲ್ಲಿ ಕೂಡಿಸಿದರು. ಹಗ್ಗ, ಸರಪಳಿ, ಮೊಳೆ, ನೇಗಿಲ ಗುಳ ಮಾರುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅವರ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ಮನೆಯಲ್ಲಿ ದೊಡ್ಡಪ್ಪ, ದೊಡ್ಡವ್ವ ಗೌರವ್ವ, ಮತ್ತು ಯಾವ ಲೆಕ್ಕಕ್ಕೂ ಸೇರದ ನಾನು, ಕೊಟ್ರೇಶಿ.

ದೊಡ್ಡಪ್ಪನದು ಖಾಲಿ ಕೊಡದೊಳಗೆ ಹಿಡಿ ಜಲ್ಲಿ ಹಾಕಿ ಅಲುಗಾಡಿಸಿದಂಥ ದನಿ. ಅಂಥ ದನಿ ಸಿಕ್ಕಿದ ಮೇಲೆ ನನ್ನಂಥವನಿಗೆ ಸುಮ್ಮನಿರಲಾಗುತ್ತದೆಯೇ? ಒಂದೇ ತಿಂಗಳಲ್ಲಿ ಕೈವಶ ಮಾಡಿಕೊಂಡೆ. ಕಡರನಾಯಕನಹಳ್ಳಿಯಿಂದ ಬಂದ ಗಿರಾಕಿಗಳು ಹಗ್ಗಕ್ಕೆ ಚೌಕಾಸಿ ಮಾಡುತ್ತಾ ಕೂತರೆ ನಾನು ಗೋಣಿಚೀಲದ ಹಿಂದೆ ಬಗ್ಗಿ, "ಯಾವನ್ಲೇ ಅವನು?" ಎಂದು ಜಲ್ಲಿ ಅಲುಗಾಡಿಸುತ್ತಿದ್ದೆ. "ಸಾವ್ಕಾರ್ರು ಒಳಗೇ ಅದಾರೆ" ಎಂದು ಅವರು ಹೇಳಿದಷ್ಟು ಕೊಟ್ಟು ಹೋಗುತ್ತಿದ್ದರು. ಒಂದು ದಿನ ನಿಜವಾದ ಸಾವ್ಕಾರರು ಹಿಂದೆ ನಿಂತು ಕೇಳಿಸಿಕೊಂಡರು. ಬೈಯುತ್ತಾರೆಂದು ನಾನು ಕುಗ್ಗಿದರೆ, "ನನ್ನ ದನಿ ಇಷ್ಟು ಕೆಟ್ಟದಾಗೈತೇನ್ಲೇ? ಪಾಪ, ನಿಮ್ಮ ದೊಡ್ಡವ್ವ ಹೆಂಗೆ ತಡ್ಕೊಂಡಾಳೋ" ಎಂದು ಹೋದರು.

ಇಂಥ ಮನುಷ್ಯನಿಗೆ ಹೊಟ್ಟೆಹುಣ್ಣು. ರೊಟ್ಟಿಯ ಗೋಪುರವನ್ನು ಮೇಲಿನಿಂದ ಕೆಳಗಿನವರೆಗೆ ಕೆಡವುತ್ತಿದ್ದವರು ಅರ್ಧ ರೊಟ್ಟಿಗೆ ಕೈ ತೊಳೆಯತೊಡಗಿದರು. ಆಮೇಲೆ ಉಂಡದ್ದು ನಿಲ್ಲದಾಯಿತು. ಅಂಗಿಯೊಳಗೆ ಮನುಷ್ಯ ಸಣ್ಣಗಾಗುತ್ತಾ ಹೋಗುವುದನ್ನು ದಿನಾ ನೋಡುವವರಿಗೆ ಅದು ಕಾಣುವುದಿಲ್ಲ, ಅಂಗಿಗೆ ಕಾಣುತ್ತದೆ. ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಮೈಸೂರು ಕಡೆಯವರು, ಮಾತನ್ನು ಇಸ್ತ್ರಿ ಮಾಡಿ ಮಡಿಚಿ ಕೈಗೆ ಕೊಡುವವರು. "ನೋಡಿ ಮುರಿಗೆಪ್ಪನವರೇ, ಹುಣ್ಣು ಹಳೆಯದಾಗಿ ಅನ್ನ ಇಳಿಯುವ ದಾರಿ ಬಿಗಿದುಕೊಂಡಿದೆ. ಆಪರೇಷನ್ ಆಗಲೇಬೇಕು. ಆದರೆ ಈ ಮೈಯಲ್ಲಿ ಈಗ ಆಗುವುದಿಲ್ಲ. ಕೊಯ್ದರೆ ಗಾಯ ಕೂಡುವುದಕ್ಕೆ ಒಳಗೆ ಸಾಮಾನೇ ಇಲ್ಲ" ಎಂದರು.

"ಸಾಮಾನು ಬೇಕಾದಷ್ಟು ನಮ್ಮ ಅಂಗಡಿಯಾಗೈತೆ ಡಾಕ್ಟ್ರೇ. ಮೊಳೆ ಕೊಡ್ಲಾ, ತಂತಿ ಕೊಡ್ಲಾ?"

ಡಾಕ್ಟರು ನಗಲಿಲ್ಲ. ಒಂದು ಡಬ್ಬಿಯ ಹೆಸರು ಬರೆದುಕೊಟ್ಟರು. ಪ್ರೋಟೀನ್ ಪುಡಿ, ಹಾಲಿನಲ್ಲಿ ಕದಡಿ ಕುಡಿಸಬೇಕು. "ಒಂದೊಂದೇ ಗುಟುಕು. ಬೆಳಗಿನಿಂದ ಸಂಜೆಯವರೆಗೂ ಗುಟುಕು ಗುಟುಕಾಗಿ. ಒಟ್ಟಿಗೆ ಕುಡಿಸಿದರೆ ನಿಲ್ಲುವುದಿಲ್ಲ. ಹತ್ತು ಪೌಂಡಾದರೂ ಏರಿಸಿಕೊಂಡು ಬನ್ನಿ, ಆಗ ಆಪರೇಷನ್. ಏರದೇ ಹೋದರೆ..." ಎಂದು ಮಾತನ್ನು ಮಡಿಚದೆ ಹಾಗೆಯೇ ಬಿಟ್ಟರು. ದೊಡ್ಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ಸಾವ್ಕಾರರಿಗೆ ಕಾಯಿಲೆ ಎಂದು ಊರಿಗೆ ತಿಳಿಯಿತು. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಂದು ಕೈಯಲ್ಲಿ ಟಾನಿಕ್ಕಿನ ಸೀಸೆಯೋ ಗ್ಲೂಕೋಸಿನ ಪೊಟ್ಟಣವೋ ಇರುತ್ತದೆ, ಇನ್ನೊಂದರಲ್ಲಿ ಇದೇ ಕಾಯಿಲೆಯಿಂದ ಸತ್ತ ಒಬ್ಬ ನೆಂಟನ ಕಥೆ ಇರುತ್ತದೆ. ಎರಡನ್ನೂ ರೋಗಿಯ ತಲೆದೆಸೆಯಲ್ಲಿ ಇಟ್ಟೇ ಏಳುತ್ತಾರೆ. "ನಮ್ಮ ಆನಗೋಡಿನ ಷಡ್ಡಕಗೂ ಹಿಂಗೇ ಆಗಿತ್ತು. ಭಾಳ ಒಳ್ಳೆ ಮನುಷ್ಯ ಇದ್ದ" ಎಂದು 'ಇದ್ದ' ಎಂಬುದರ ಮೇಲೆ ಒಂದು ಉಸಿರು ಬಿಡುತ್ತಾರೆ. ಬಾರ್ಲಿ, ಆರಾರೂಟು, ರಾಗಿ ಮೊಳಕೆಯ ಹಿಟ್ಟು, ಕಬ್ಬಿಣದ ಸತ್ವವಿದೆ ಎಂಬ ಕಪ್ಪು ಔಷಧಿ ಎಲ್ಲ ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತವು. "ಕಬ್ಬಿಣದ ಅಂಗಡಿಯವಗೆ ಕಬ್ಬಿಣ ತಂದುಕೊಟ್ಟಾರಲ್ಲೋ" ಎಂದರು ದೊಡ್ಡಪ್ಪ. ಬಂದವರು ಹೋದ ಕೂಡಲೇ ನಾನು ಅವರಂತೆಯೇ ಬಾಗಿಲಿನಿಂದ ಒಳಗೆ ಬಂದು, ಅವರಂತೆಯೇ ಕೂತು, ಅವರಂತೆಯೇ ಉಸಿರು ಬಿಟ್ಟು ತೋರಿಸುತ್ತಿದ್ದೆ. ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಿಡಿದುಕೊಂಡದ್ದು ನಗುವಿಗೋ ನೋವಿಗೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಬುದ್ಧಿವಾದವನ್ನೂ ಕಥೆಯನ್ನೂ ತಾರದೆ ಬಂದವರು ಎದುರು ಅಂಗಡಿಯ ದರ್ಜಿ ಇಮಾಮ್ ಸಾಬರು ಒಬ್ಬರೇ. ನಾಲ್ಕು ಮೋಸಂಬಿ ಇಟ್ಟು, "ಸಾವ್ಕಾರ್ರೇ, ಜಲ್ದಿ ಎದ್ದು ಬರ್ರಿ. ಇವನ ಕೂಡ ಮಾತಾಡಿ ಸಾಕಾಗೈತೆ. ಯಾರ ಕೂಡ ಮಾತಾಡ್ತಿದ್ದೀನಿ ಅನ್ನೋದೇ ತಿಳಿಯಂಗಿಲ್ಲ" ಎಂದು ನನ್ನತ್ತ ಕೈ ಮಾಡಿ ಹೋದರು.

ಈಗ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರುವಾದದ್ದು. ದೊಡ್ಡಪ್ಪ ಉಣ್ಣದೆ ದೊಡ್ಡವ್ವ ಉಣ್ಣುವವಳಲ್ಲ. ಮದುವೆಯಾಗಿ ಬಂದಂದಿನಿಂದ ಅದೇ ನಡೆದುಬಂದದ್ದು. ದೊಡ್ಡಪ್ಪ ಲಿಂಗಪೂಜೆ ಮುಗಿಸಿ, ಉಂಡು, ಕೈ ತೊಳೆದು, "ಶಿವಾ" ಎಂದು ತೇಗಿದ ಮೇಲೆಯೇ ಅವಳು ತನ್ನ ತಾಟು ಹಾಕಿಕೊಳ್ಳುತ್ತಿದ್ದಳು. ಡಾಕ್ಟರು ಹೇಳಿದ ಗುಟುಕು ಗುಟುಕಿನ ವ್ಯವಸ್ಥೆ ಈ ಪದ್ಧತಿಗೆ ಹೊಂದಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಗಂಡ ಗುಟುಕರಿಸುತ್ತಲೇ ಇದ್ದರೆ ಅವರ ಊಟ ಮುಗಿಯುವುದು ಯಾವಾಗ, ಇವಳದು ಶುರುವಾಗುವುದು ಯಾವಾಗ? ಮೊದಲ ದಿನ ಸಂಜೆ ಬಾವಿಕಟ್ಟೆಯ ಹತ್ತಿರ ಅವಳಿಗೆ ತಲೆ ಸುತ್ತಿ ಬಂತು. ಅದನ್ನು ಕಂಡ ದೊಡ್ಡಪ್ಪನೇ ತೀರ್ಪು ಕೊಟ್ಟರು: "ಆ ಗುಬ್ಬಿ ಗುಟುಕು ನಮ್ಮ ಮನಿಗೆ ಆಗಂಗಿಲ್ಲ. ಎಲ್ಲಾ ಒಂದೇ ಸಲ ಕಲಸಿ ತಾ. ಮಧ್ಯಾಹ್ನ ಒಂದು ತಂಬಿಗೆ, ರಾತ್ರಿ ಒಂದು ತಂಬಿಗೆ. ಹೋಗೋದೆಲ್ಲಾ ಅದೇ ಹೊಟ್ಟಿಗಲ್ಲವಾ?" ನಮಗೆಲ್ಲ ಇದು ಬಲು ನ್ಯಾಯವಾಗಿ ಕಂಡಿತು. ಎರಡು ಸಲ ನಪಾಸಾದವನಾದರೂ ಇಂಟರ್‌ಮೀಡಿಯೆಟ್ ಓದಿದ ನಾನೇ, "ಹೌದು, ಅಳತೆ ಅಷ್ಟೇ ಆಗ್ತೈತೆ" ಎಂದು ಒತ್ತಿ ಹೇಳಿದೆ.

ಮಾರನೆಯ ದಿನ ದೊಡ್ಡವ್ವ ಹಿತ್ತಾಳೆಯ ತಂಬಿಗೆಯಲ್ಲಿ ಹಾಲು, ಪುಡಿ, ಸಕ್ಕರೆ ಕದಡಿ ನನ್ನ ಕೈಗೆ ಕೊಟ್ಟಳು. ಗಂಡಸರು ಉಣ್ಣುವಾಗ ಎದುರಿಗೆ ನಿಂತು ನೋಡಿದರೆ ದೃಷ್ಟಿಯಾಗುತ್ತದೆಂದು ಅವಳು ಅಡುಗೆಮನೆಯಲ್ಲೇ ಉಳಿದಳು. ದೊಡ್ಡಪ್ಪ ತಂಬಿಗೆ ಎತ್ತಿ ಕುಡಿದರು. ಕುಡಿದಷ್ಟೂ ಗಳಿಗೆಯೊಳಗೆ ಹೊರಗೆ ಬಂತು. ನಾನು ಬಕೀಟು ಹಿಡಿದೆ. ಒಳಗಿನಿಂದ ದೊಡ್ಡವ್ವ, "ನಿಂತಿತಾ?" ಎಂದಳು. ದೊಡ್ಡಪ್ಪ ನನ್ನ ಮುಖ ನೋಡಿದರು. ನಾನು, "ಕೆಮ್ಮು ಬಂದಿತ್ತು ದೊಡ್ಡವ್ವ, ನಿಂತೈತೆ" ಎಂದೆ. ರಾತ್ರಿಯೂ ಹಾಗೆಯೇ ಆಯಿತು. ಮರುದಿನ ಮಧ್ಯಾಹ್ನ ತಂಬಿಗೆ ಬಂದಾಗ ದೊಡ್ಡಪ್ಪ ಅದನ್ನು ಮುಟ್ಟಲಿಲ್ಲ.

"ಲೇ ಕೊಟ್ರಾ, ಕುಡಿದ್ರೆ ಕರುಳು ಹರಿದು ಬರ್ತಾವೆ. ಕುಡೀದಿದ್ರೆ ಅವಳು ಉಣ್ಣಂಗಿಲ್ಲ. ಏನು ಮಾಡ್ಲಿ?"

"ಒಂದೀಟು ಕುಡೀರಿ ದೊಡ್ಡಪ್ಪ."

"ನೀನು ಕುಡಿ."

"ನಾನಾ?"

"ನೀನೇ. ನನ್ನಂಗೆ ಬೈಯ್ತಿ, ನನ್ನಂಗೆ ಕೆಮ್ಮುತಿ, ನನ್ನ ಗಿರಾಕಿಗಳಿಗೆ ನನ್ನಂಗೇ ಸುಳ್ಳು ಹೇಳ್ತಿ. ನನ್ನಂಗೆ ಕುಡಿಯಾಕೆ ಬರಂಗಿಲ್ಲೇನು?"

ಕಲಾವಿದನಿಗೆ ಇಂಥ ಸವಾಲು ಹಾಕಬಾರದು. ದೊಡ್ಡಪ್ಪ ಕುಡಿಯುವ ರೀತಿ ಬೇರೆ ಯಾರಿಗೂ ಇರಲಿಲ್ಲ. ತಂಬಿಗೆಯನ್ನು ತುಟಿಗೆ ಮುಟ್ಟಿಸದೆ ಎತ್ತಿ ಹಿಡಿದು ಬಿಡುವರು. ಮೊದಲು ಎರಡು ದೊಡ್ಡ ಗುಟುಕು, ನಡುವೆ ಮೂಗಿನಲ್ಲಿ ಒಂದು ಉಸಿರು, ಆಮೇಲೆ ಗಟಗಟನೆ ಒಂದೇ ಓಟ, ತಂಬಿಗೆಯನ್ನು ನೆಲಕ್ಕೆ ಕುಕ್ಕಿದ ಸದ್ದು, ಕಡೆಗೆ ಎದೆಯಾಳದಿಂದ ಎದ್ದು ಬರುವ "ಶಿವಾ". ನಾನು ಎಲ್ಲವನ್ನೂ ಅನುಕ್ರಮವಾಗಿ ಮಾಡಿದೆ. ತೇಗು ಮಾತ್ರ ಮಾಡಬೇಕಾಗಲಿಲ್ಲ, ಅದು ನನ್ನದೇ ಬಂತು. ಅಡುಗೆಮನೆಯಲ್ಲಿ ತಾಟು ಇಟ್ಟ ಸದ್ದು ಕೇಳಿಸಿತು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಆ ಸದ್ದನ್ನೇ ಕೇಳುತ್ತಾ ಮಲಗಿದ್ದರು. ಆಮೇಲೆ, "ಉಂಡಳು" ಎಂದರು.

ಅಂದಿನಿಂದ ಅದೇ ನಮ್ಮ ನಿತ್ಯದ ನಾಟಕವಾಯಿತು. ದೊಡ್ಡಪ್ಪ ಎರಡು ಚಮಚ ಗಂಜಿನೀರಿನ ಮೇಲೆ ಇದ್ದರು. ಅದೂ ಒಮ್ಮೊಮ್ಮೆ ನಿಲ್ಲುತ್ತಿತ್ತು, ಒಮ್ಮೊಮ್ಮೆ ಇಲ್ಲ. ನನಗಾದರೂ ಆ ಪುಡಿ ರುಚಿಸಿತೇ ಎಂದರೆ, ಇಲ್ಲ. ಒದ್ದೆ ಗೋಡೆಯನ್ನು ಕೆರೆದು ಹಾಲಿಗೆ ಹಾಕಿದಂತಿತ್ತು. ಆದರೆ ಕುಡಿದದ್ದು ವ್ಯರ್ಥವಾಗಲಿಲ್ಲ. ನನ್ನ ಕೆನ್ನೆ ತುಂಬಿತು. ಕತ್ತು ಕಾಣದಾಯಿತು. ದೊಡ್ಡವ್ವ ಬಾಗಿಲಿಗೆ ಬಂದವರಿಗೆಲ್ಲ, "ಎರಡು ಹೊತ್ತೂ ತಂಬಿಗಿ ತುಂಬ ಕುಡೀತಾರವ್ವಾ. ಶಿವ ಅಂತ ತೇಗ್ತಾರೆ. ಆ ತೇಗು ಕೇಳಿದ್ರೆ ನನ್ನ ಹೊಟ್ಟಿ ತುಂಬ್ತೈತೆ" ಎಂದು ಹೇಳಿಕೊಳ್ಳುತ್ತಿದ್ದಳು. ನಾನು ಅಂಗಡಿಯಲ್ಲಿ ಕೂತು ಮೊಳೆ ತೂಗುತ್ತಾ ಅದನ್ನು ಕೇಳುತ್ತಿದ್ದೆ. ಕಲೆಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಉಂಟೇ ಎಂದು ಒಳಗೊಳಗೇ ಹಿಗ್ಗುತ್ತಲೂ ಇದ್ದೆ. ಹಿಗ್ಗಿದ್ದು ಒಳಗಷ್ಟೇ ಅಲ್ಲ. ಒಂದು ದಿನ ಇಮಾಮ್ ಸಾಬರು ಕತ್ತರಿ ಹಿಡಿದುಕೊಂಡೇ ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು.

"ಏನಪ್ಪಾ ಕೊಟ್ರೇಶಿ, ಇದೇನು ಹಕೀಕತ್ತು? ನಿಮ್ಮ ದೊಡ್ಡವ್ವ ಸಾವ್ಕಾರ್ರ ಅಂಗಿ ಕೊಟ್ಟು ಬಿಗಿ ಮಾಡು ಅಂದ್ರು. ನೀನು ನಿನ್ನ ಅಂಗಿ ಕೊಟ್ಟು ಸಡ್ಲ ಮಾಡು ಅಂತಿ. ಎರಡಕ್ಕೂ ಯಾಕ ತ್ರಾಸು? ಅಂಗಿ ಅದಲು ಬದಲು ಮಾಡ್ಕೊಂಡು ಬಿಡ್ರಲ್ಲ."

ನಾನು ನಕ್ಕೆ. ಅವರೂ ನಕ್ಕರು. ಆದರೆ ಅವರು ನಗು ನಿಲ್ಲಿಸಿದ ಮೇಲೆ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆ ರಾತ್ರಿ ತಂಬಿಗೆಯನ್ನು ಎತ್ತುವ ಮೊದಲು, "ದೊಡ್ಡಪ್ಪ, ತೂಕ ಏರಬೇಕಲ್ಲ?" ಎಂದೆ. ಅವರು, "ಏರಾಕತ್ತೈತಲ್ಲೋ, ನಮ್ಮ ಮನಿತನದಾಗೇ ಏರಾಕತ್ತೈತೆ" ಎಂದು ನನ್ನ ಹೊಟ್ಟೆಗೆ ಬೆರಳಿನಿಂದ ತಿವಿದರು. ನಾನು ಅದಕ್ಕೂ ನಕ್ಕೆ. ನನಗೆ ಗೊತ್ತಿದ್ದದ್ದು ಅದೊಂದೇ.

ಡಬ್ಬಿಗಳು ಖಾಲಿಯಾದ ಮೇಲೆ ದಾವಣಗೆರೆಗೆ ಹೊರಟೆವು. ರೈಲಿನಲ್ಲಿ ದೊಡ್ಡವ್ವ ಕಿಟಕಿಯ ಪಕ್ಕದಲ್ಲಿ ಹೊಸ ಸೀರೆ ಉಟ್ಟು ಕೂತಿದ್ದಳು. ಬಾತಿಯ ಕೆರೆ ಕಂಡಾಗ ಕೈ ಮುಗಿದು, "ಹತ್ತು ಪೌಂಡು ಏರಿರ್ಲಪ್ಪಾ" ಎಂದಳು. ದೊಡ್ಡಪ್ಪ ಕಣ್ಣು ಮುಚ್ಚಿದ್ದರು. ನಾನು ಇಬ್ಬರ ನಡುವೆ, ಇಬ್ಬರಿಗೂ ಜಾಗ ಸಾಲದಷ್ಟು ಅಗಲವಾಗಿ ಕೂತಿದ್ದೆ.

ಆಸ್ಪತ್ರೆಯಲ್ಲಿ ತೂಕದ ಯಂತ್ರದ ಮೇಲೆ ದೊಡ್ಡಪ್ಪನನ್ನು ನಿಲ್ಲಿಸಿದರು. ಡಾಕ್ಟರು ತೂಕದ ಬಟ್ಟನ್ನು ಅತ್ತಿತ್ತ ಸರಿಸಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ಸರಿಸಿದರು. ಕಳೆದ ಸಲಕ್ಕಿಂತ ಕಡಿಮೆಯಾಗಿತ್ತು. "ಪುಡಿ ಕೊಟ್ಟಿರಾ?" ಎಂದರು. ದೊಡ್ಡವ್ವ, "ಕೊಟ್ಟೀನ್ರೀ! ಎರಡೂ ಹೊತ್ತು, ತಂಬಿಗಿ ತುಂಬ! ಗಟಗಟ ಕುಡಿದಾರೆ, ಈ ಕಿವಿಲೇ ಕೇಳೀನಿ" ಎಂದು ಕಿವಿ ಮುಟ್ಟಿ ತೋರಿಸಿದಳು. "ಹಾಗಾದರೆ ಎಲ್ಲಿ ಹೋಯಿತಮ್ಮಾ?" ಎನ್ನುತ್ತಾ ಡಾಕ್ಟರು ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಕೆನ್ನೆಯಿಂದ ಹೊಟ್ಟೆಗೆ ಇಳಿಯಿತು. ಮತ್ತೆ ಕೆನ್ನೆಗೆ ಏರಿತು. "ಆಪರೇಷನ್ನಿಗೆ ಇವನು ತಯಾರಾಗಿದ್ದಾನೆ" ಎಂದರು.

ಹೇಳಬೇಕಾಯಿತು. ದೊಡ್ಡಪ್ಪ ಹೇಳಲು ಹೊರಟರು, ಉಸಿರು ಸಾಲಲಿಲ್ಲ, ನಾನೇ ಹೇಳಿದೆ. ದೊಡ್ಡವ್ವನಿಗೆ ಅರ್ಥವಾಗಲಿಲ್ಲ. "ಹಂಗಾರೆ ನಾನು ಕೇಳಿದ್ದು ಏನು?" ಎಂದು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಆಗ ನನ್ನ ಜನ್ಮದ ಅತಿ ದೊಡ್ಡ ದಡ್ಡತನವನ್ನು ಮಾಡಿದೆ. ಬಾಯಲ್ಲಿ ವಿವರಿಸುವ ಬದಲು ಮಾಡಿ ತೋರಿಸಿದೆ. ಎರಡು ದೊಡ್ಡ ಗುಟುಕು, ಒಂದು ಉಸಿರು, ಗಟಗಟ, "ಶಿವಾ". ಡಾಕ್ಟರಿಗೆ ನಗು ಉಕ್ಕಿ ಬಂತು, ಅರ್ಧಕ್ಕೇ ನಿಂತಿತು. ದೊಡ್ಡವ್ವ ಕೂಗಾಡಲಿಲ್ಲ. ಬಹಳ ಮೆತ್ತಗೆ ಹೇಳಿದಳು: "ಅವ್ರು ಕುಡಿಯೋದನ್ನ ಭಾಳ ಚಂದ ಮಾಡ್ತಿ ಬಿಡಪ್ಪಾ. ಅವ್ರ ಹಸಿವನ್ನೂ ಒಂದೀಟು ಮಾಡಿ ತೋರ್ಸು, ನೋಡಾನ."

ನನ್ನ ಗಂಟಲಲ್ಲಿ ಊರಿನ ಎಲ್ಲರೂ ಇದ್ದರು, ಆ ಹೊತ್ತಿಗೆ ಒಬ್ಬನೂ ಸಹಾಯಕ್ಕೆ ಬರಲಿಲ್ಲ.

ಇನ್ನು ಮನೆಗೆ ಕಳಿಸುವ ಮಾತಿಲ್ಲ ಎಂದು ಡಾಕ್ಟರು ದೊಡ್ಡಪ್ಪನನ್ನು ಅಲ್ಲೇ ಸೇರಿಸಿಕೊಂಡರು. ಮೂಗಿನೊಳಗಿಂದ ಹೊಟ್ಟೆಯವರೆಗೆ ಸಣ್ಣ ರಬ್ಬರ್ ನಳಿಗೆ ಇಳಿಸಿ, ಮಂಚದ ಪಕ್ಕದ ಕಂಬಕ್ಕೆ ಒಂದು ಸೀಸೆ ತೂಗುಹಾಕಿದರು. ಅದೇ ಹಾಲು, ಅದೇ ಪುಡಿ, ಆದರೆ ತೊಟ್ಟು ತೊಟ್ಟಾಗಿ ಹಗಲಿಡೀ. "ಇದರ ಜೊತೆಗೆ ಎರಡು ಮೊಟ್ಟೆ..." ಎಂದು ಡಾಕ್ಟರು ಆರಂಭಿಸಿದರು, ದೊಡ್ಡವ್ವನ ಹಣೆಯ ವಿಭೂತಿ ನೋಡಿದರು, "ಬೇಡ, ಇನ್ನೊಂದು ಚಮಚ ಪುಡಿ ಹಾಕಿ" ಎಂದು ಮುಗಿಸಿದರು. ತೊಟ್ಟು ತೊಟ್ಟಾಗಿ ಹೋದದ್ದು ನಿಂತಿತು. ವಾಂತಿಯಾಗಲಿಲ್ಲ. ಮೊದಲ ದಿನವೇ ಡಾಕ್ಟರು ಆಡಿದ್ದನ್ನು ಆ ಸೀಸೆ ತಲೆಕೆಳಗಾಗಿ ನೇತಾಡುತ್ತಾ ಮಾಡಿ ತೋರಿಸಿತು.

ಆಪರೇಷನ್ ಏನಾಯಿತೆಂದು ಮನಸ್ಸಿನಲ್ಲಿ ಇಟ್ಟುಕೊಂಡು ಓದುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಆಯಿತು, ಗಾಯವೂ ಕೂಡಿತು. ಆದರೆ ಹರಿಹರಕ್ಕೆ ವಾಪಸು ಬಂದವರು ಹಳೆಯ ಮುರಿಗೆಪ್ಪನವರ ಅರ್ಧ ಮಾತ್ರ. ಮುಂದಿನ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು, ಆ ಅರ್ಧವೂ ಹೋಯಿತು. ಈಗ ಅಂಗಡಿಯಲ್ಲಿ ನಾನೊಬ್ಬನೇ. ಒಮ್ಮೆ ಗಿರಾಕಿಯೊಬ್ಬ ಸರಪಳಿಗೆ ಬಹಳ ಜಗ್ಗಾಡಿದಾಗ ಅಭ್ಯಾಸಬಲದಿಂದ ಗೋಣಿಚೀಲದ ಹಿಂದೆ ಬಗ್ಗಿ, "ಯಾವನ್ಲೇ ಅವನು?" ಎಂದುಬಿಟ್ಟೆ. ಒಳಗಿನಿಂದ ದೊಡ್ಡವ್ವ, "ಬಂದೇರೀ" ಎಂದಳು. ನಾನು ಗಿರಾಕಿ ಕೇಳಿದ ಬೆಲೆಗೇ ಸರಪಳಿ ಕೊಟ್ಟು ಕಳಿಸಿದೆ. ಅದು ಇರಲಿ, ನಾನು ಹೇಳಹೊರಟದ್ದು ಆಸ್ಪತ್ರೆಯ ಮಾತು.

ಹಾಲು ದೊಡ್ಡಪ್ಪನ ಹೊಟ್ಟೆಯಲ್ಲಿ ನಿಂತಿತಲ್ಲ, ಈಗ ದೊಡ್ಡವ್ವ ಊಟ ಬಿಟ್ಟಳು. ದಾವಣಗೆರೆಯ ನೆಂಟರ ಮನೆಯಿಂದ ನಾನು ಹೊತ್ತು ಹೊತ್ತಿಗೆ ಊಟದ ಕ್ಯಾರಿಯರ್ ತರುತ್ತಿದ್ದೆ. ಅವಳು ವಾರ್ಡಿನ ಹೊರಗಿನ ವರಾಂಡದಲ್ಲಿ ಅದನ್ನು ಮಗ್ಗುಲಿಗೆ ಇಟ್ಟುಕೊಂಡು ಗೋಡೆಗೆ ಒರಗಿರುತ್ತಿದ್ದಳು, ಕೊಂಡಿ ತೆಗೆಯುತ್ತಿರಲಿಲ್ಲ. ನಾನು ಗೋಗರೆದರೆ, "ಮೂಗಿನಾಗೆ ಹೊಯ್ದಿದ್ದು ಊಟ ಹೆಂಗಾಗ್ತೈತೆ? ಅವ್ರು ಉಂಡ ಮ್ಯಾಲೆ ಉಣ್ತೀನಿ" ಎನ್ನುವಳು. ಇನ್ನೊಮ್ಮೆ, ನನ್ನನ್ನು ನೋಡದೆ, "ಇಷ್ಟು ದಿನ ಅವ್ರ ಹೊಟ್ಟಿ ಖಾಲಿ ಇತ್ತು, ನಾನು ಎರಡೆರಡು ರೊಟ್ಟಿ ಮುರಿದೆನಲ್ಲೋ. ನಿನ್ನ ಗುಟುಕು ಕೇಳಿ ಉಂಡೆನಲ್ಲೋ" ಎಂದಳು. ನನ್ನ ಕೆನ್ನೆಗಳನ್ನು ಎಲ್ಲಾದರೂ ಬಿಚ್ಚಿಡಲು ಬರುವಂತಿದ್ದರೆ ಅಲ್ಲೇ ಬಿಚ್ಚಿಡುತ್ತಿದ್ದೆ.

ಮೂರನೆಯ ದಿನಕ್ಕೆ ಸೀಸೆ ಇಳಿಯುವುದು ನಿಂತಿತು. ನಳಿಗೆ ಕಟ್ಟಿಕೊಂಡಿದೆಯೆಂದು ನರ್ಸಮ್ಮ ಬಂದು ಹೊದಿಕೆ ಸರಿಸಿ ನೋಡಿದರೆ, ದೊಡ್ಡಪ್ಪ ಎರಡು ಬೆರಳಿನ ನಡುವೆ ನಳಿಗೆಯನ್ನು ಮಡಿಚಿ ಹಿಡಿದುಕೊಂಡಿದ್ದರು. "ಹೊರಗೆ ಅವಳು ಉಣ್ಣದೆ ಕುಂತಾಳೆ. ನನಗೂ ಬ್ಯಾಡ" ಎಂದರು. ಡಾಕ್ಟರು ಬಂದು ಕನ್ನಡಕದ ಮೇಲಿನಿಂದ ನೋಡಿ, "ಹೀಗಾದರೆ ಇವರ ತೂಕ ಏರುವುದಿಲ್ಲ, ತೂಕ ಏರದೆ ನಾನು ಕತ್ತಿ ಮುಟ್ಟುವುದಿಲ್ಲ. ಹೋಗಿ ಆಕೆಗೆ ಊಟ ಮಾಡಿಸು" ಎಂದು ನನಗೆ ಹೇಳಿಹೋದರು. ಒಬ್ಬರು ಉಣ್ಣದೆ ಇನ್ನೊಬ್ಬರು ಉಣ್ಣುವುದಿಲ್ಲ, ಇನ್ನೊಬ್ಬರು ಉಣ್ಣದೆ ಒಬ್ಬರು ಉಣ್ಣುವುದಿಲ್ಲ. ನಡುವೆ ನಾನೊಬ್ಬ, ಇಬ್ಬರ ಪಾಲನ್ನೂ ಉಂಡವನಂತೆ ಕಾಣುವವನು.

ದೊಡ್ಡಪ್ಪನ ಮಂಚದ ಸುತ್ತ ಬಿಳಿ ಬಟ್ಟೆಯ ಪರದೆ ಇತ್ತು. ಬಾಗಿಲಿನ ಆಚೆ ವರಾಂಡದಲ್ಲಿ ದೊಡ್ಡವ್ವ. "ನೀವೇ ಒಂದು ಮಾತು ಹೇಳ್ರಿ ದೊಡ್ಡಪ್ಪ" ಎಂದೆ. ಅವರು ನಳಿಗೆಯ ಕಿರಿಕಿರಿಯನ್ನು ನುಂಗಿಕೊಂಡು, ಇದ್ದ ಉಸಿರನ್ನೆಲ್ಲ ಕೂಡಿಸಿ, "ಗೌರೀ, ನಂದು ಆತು. ನೀನು ಉಣ್ಣು" ಎಂದು ಕೂಗಿದರು.

"ಲೇ ಕೊಟ್ರಾ!" ಎಂದು ವರಾಂಡದಿಂದ ದೊಡ್ಡವ್ವ ಗುಡುಗಿದಳು. "ಇನ್ನೂ ಮುಗೀಲಿಲ್ಲೇನೋ ನಿನ್ನ ಆಟ? ಕಾಯಿಲೆ ಮನುಷ್ಯನ ಮುಂದೆ ನಿಂತು ಅವ್ರ ದನಿ ತೆಗೀತಿಯಲ್ಲ, ನಾಚಿಕಿ ಆಗಂಗಿಲ್ಲ ನಿನಗೆ?"

ದೊಡ್ಡಪ್ಪ ನನ್ನ ಕಡೆ ನೋಡಿದರು, ನಾನು ದೊಡ್ಡಪ್ಪನ ಕಡೆ ನೋಡಿದೆ. ಅಸಲು ನಾಣ್ಯವನ್ನೇ ಖೋಟಾ ಎಂದು ಹಿಂದಕ್ಕೆ ಎಸೆಯುವಷ್ಟು ಚೆನ್ನಾಗಿ ನಾನು ಖೋಟಾ ನಾಣ್ಯ ಹೊಡೆದಿದ್ದೆ. ಒಬ್ಬ ಅಣಕಿಗನಿಗೆ ಇದಕ್ಕಿಂತ ಮೇಲಿನ ಪದವಿ ಇಲ್ಲ. ಆ ದಿನ ಆ ಪದವಿಯನ್ನು ಯಾರಾದರೂ ಪುಕ್ಕಟೆ ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ. ಹೊರಗೆ ಓಡಿ ಅವಳ ಎದುರಿಗೆ ನಿಂತು, "ನಾನಲ್ಲ ದೊಡ್ಡವ್ವ, ಅವ್ರೇ" ಎಂದೆ. ಅವಳು ನಂಬಲಿಲ್ಲ. ಕೂಜೆಯಿಂದ ಲೋಟಕ್ಕೆ ನೀರು ಬಗ್ಗಿಸಿ ನನ್ನ ಮುಂದೆ ಹಿಡಿದಳು.

"ತಗೋ, ಬಾಯಾಗೆ ತುಂಬ್ಕೋ. ನುಂಗಬ್ಯಾಡ, ಉಗುಳಬ್ಯಾಡ. ನನ್ನ ಕಣ್ಣ ಮುಂದೆ ನಿಂತ್ಕೋ."

ತುಂಬಿಕೊಂಡೆ. ಮೊದಲೇ ತುಂಬಿದ್ದ ಕೆನ್ನೆ ಇನ್ನೂ ಉಬ್ಬಿತು. ವರಾಂಡದಲ್ಲಿ ಕೂತಿದ್ದ ಬೇರೆ ರೋಗಿಗಳ ಕಡೆಯವರು ಮಾತು ನಿಲ್ಲಿಸಿ ನನ್ನನ್ನೇ ನೋಡತೊಡಗಿದರು. ದೊಡ್ಡವ್ವ ನನ್ನ ಬಾಯಿಯ ಮೇಲೆ ಕಣ್ಣಿಟ್ಟುಕೊಂಡೇ ಪರದೆಯ ಕಡೆಗೆ ದನಿ ಎತ್ತರಿಸಿದಳು:

"ಈಗ ಹೇಳ್ರಿ, ನೀವೇ ಇದ್ರೆ."

"ನಾನೇ. ಉಣ್ಣು" ಎಂದಿತು ಪರದೆಯ ಹಿಂದಿನ ಜಲ್ಲಿ. ನನ್ನ ತುಟಿ ಅಲುಗಲಿಲ್ಲ.

ದನಿ ಯಾರದೆಂದು ದೊಡ್ಡವ್ವನಿಗೆ ಖಾತ್ರಿಯಾಯಿತು. ಆದರೂ ಬಿಡಲಿಲ್ಲ. "ಹೆಂಗೆ ಉಣ್ಣಲಿ? ನಿಮ್ಮ ನಾಲಿಗಿಗೆ ಮುಟ್ಟಲಿಲ್ಲ, ಹಲ್ಲಿಗೆ ಮುಟ್ಟಲಿಲ್ಲ. ಮೂಗಿನಾಗೆ ಹೊಯ್ಸಿಕೊಂಡು ಉಂಡೆ ಅಂದ್ರೆ ನಾನು ನಂಬಬೇಕಾ?"

ಪರದೆಯ ಹಿಂದೆ ಒಂದು ಉಸಿರು ಕೇಳಿಸಿತು. ಎರಡು ಗುಟುಕಿನ ನಡುವೆ ಮೂಗಿನಲ್ಲಿ ಎಳೆಯುತ್ತಿದ್ದ ಆ ಉಸಿರೇ. ಆಮೇಲೆ ಬಂದ ಮಾತಿಗೆ ನನ್ನ ಬಾಯೊಳಗಿನ ನೀರೆಲ್ಲ ಎದುರಿಗೆ ಬರುತ್ತಿದ್ದ ನರ್ಸಮ್ಮನ ಬಿಳಿ ಸೀರೆಯ ಪಾಲಾಯಿತು, ದೊಡ್ಡವ್ವ ಕಣ್ಣೊರೆಸಿಕೊಂಡು ಕ್ಯಾರಿಯರಿನ ಕೊಂಡಿ ತೆಗೆದಳು, ಒಳಗೆ ಸೀಸೆ ಮತ್ತೆ ತೊಟ್ಟಿಕ್ಕತೊಡಗಿತು. ಅವರ ದನಿಯನ್ನು ನಾನು ಈಗಲೂ ಮಾಡಬಲ್ಲೆ. ಅಂಥ ಮಾತನ್ನು ನನ್ನ ತಲೆಯಿಂದ ಹುಟ್ಟಿಸಲು ಇವತ್ತಿನವರೆಗೂ ಆಗಿಲ್ಲ. ದೊಡ್ಡಪ್ಪ ಅಂದದ್ದು ಇಷ್ಟೇ:

"ನನ್ನ ಮೂಗೇ ಉಣ್ಣಾಕೆ ಕಲ್ತೈತೆ, ನಿನ್ನ ಬಾಯಿಗೇನು ದಾಡಿ?"